ಅಪ್ಪನ ಕತ್ತಿನ ಆಪರೇಷನ್ ಮುಂದೂಡಬಹುದಾ?

ನಿಮ್ಮ ಅಪ್ಪನಿಗೆ ಅಂಗಿ ಗುಂಡಿ ಹಾಕಲು ಆಗುತ್ತಿಲ್ಲ, ನಡೆಯುವಾಗ ತೂರಾಡುತ್ತಾರೆ, ಆದರೆ ನೋವಿಲ್ಲ, ಹಾಗಾಗಿ ಆಪರೇಷನ್ ಮುಂದೂಡಬಹುದಾ ಅಂತ ಕೇಳಿದ್ದೀರಿ. ನೋವಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಕತ್ತಿನಲ್ಲಿ ಒತ್ತಡಕ್ಕೆ ಸಿಕ್ಕಿದ ಬೆನ್ನುಹುರಿ ನೋಯದೆಯೇ ಹಾಳಾಗಬಹುದು. ನಮ್ಮ ಅಮ್ಮನಿಗೂ ನೋವಿರಲಿಲ್ಲ. ಹೂ ಕಟ್ಟುವಾಗ ದಾರ ಬೆರಳಿಂದ ಜಾರುತ್ತಿತ್ತು. ಚಪ್ಪಲಿ ಕಾಲಿಂದ ಕಳಚಿದ್ದೂ ಗೊತ್ತಾಗುತ್ತಿರಲಿಲ್ಲ. ವಯಸ್ಸಾಯ್ತಲ್ವಾ ಅಂತ ಒಂದು ವರ್ಷ ಸುಮ್ನೆ ಕಳೆದೆವು. ಅದು ಈಗಲೂ ನನ್ನನ್ನು ಕಾಡುತ್ತದೆ.

ಆಪರೇಷನ್ನಿನ ಮುಖ್ಯ ಉದ್ದೇಶ ಇನ್ನಷ್ಟು ಕೆಡದಂತೆ ತಡೆಯುವುದು. ಎಷ್ಟೋ ಜನರಿಗೆ ಸುಧಾರಣೆಯೂ ಆಗುತ್ತದೆ, ಆದರೆ ತಡವಾದಷ್ಟೂ ಅದು ಕಡಿಮೆ. ಒಂದೆರಡು ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಹುರಿಯನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಕತ್ತಿನ ಮುಂಭಾಗದಿಂದ ಡಿಸ್ಕ್ ತೆಗೆದು ಮೂಳೆಗಳನ್ನು ಬೆಸೆಯುತ್ತಾರೆ. ಜಾಸ್ತಿ ಕಡೆ ಒತ್ತಿದ್ದರೆ ಹೆಚ್ಚಾಗಿ ಹಿಂದಿನಿಂದ ಮಾಡುತ್ತಾರೆ. ಜಪಾನಿನ ವೈದ್ಯರು 1970ರ ದಶಕದಲ್ಲಿ ರೂಪಿಸಿದ ಲ್ಯಾಮಿನೋಪ್ಲಾಸ್ಟಿಯಲ್ಲಿ ಮೂಳೆಯ ಕಮಾನನ್ನು ಬಾಗಿಲಿನಂತೆ ತೆರೆದು ಹಾಗೇ ನಿಲ್ಲಿಸುತ್ತಾರೆ, ಹುರಿಗೆ ಜಾಗ ಸಿಗುತ್ತದೆ. ಅಮ್ಮನಿಗೆ ಮುಂದಿನಿಂದ ಮಾಡಿದರು. ನುಂಗಲು ಕಷ್ಟವಾಗಿ ಎರಡು ವಾರ ಗಂಜಿಯಲ್ಲೇ ಇದ್ದರು, ದನಿಯೂ ಒಡೆದಿತ್ತು. ಆಮೇಲೆ ಸರಿಹೋಯಿತು. ಸೋಂಕು, ನರಕ್ಕೆ ಪೆಟ್ಟು ಬೀಳುವ ಅಪಾಯದ ಬಗ್ಗೆ ಸರ್ಜನ್ ಹತ್ತಿರ ನೇರವಾಗಿ ಕೇಳಿ.

ಕತ್ತು ತಿರುಗಿಸಿ ಲಟಕ್ ಅನ್ನಿಸುವವರ ಬಳಿ ದಯವಿಟ್ಟು ಕರೆದುಕೊಂಡು ಹೋಗಬೇಡಿ. ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.