ಪ್ರತಿಕ್ರಿಯೆ: ಚಿಕ್ಕಪೇಟೆಯಿಂದ ವೈಟ್‌ಫೀಲ್ಡ್‌ಗೆ ಸೀರೆ ಗಂಟು, ಮೆಟ್ರೋದಲ್ಲಿ ಬಿಡಲಿಲ್ಲ ಯಾಕೆ?

ಅಂಗಡಿಗೆ ತರುತ್ತಿದ್ದ ಸೀರೆ ಗಂಟನ್ನ ಮೆಟ್ರೋದಲ್ಲಿ ಬಿಡಲಿಲ್ಲ ಅಂತ ಕೇಳಿದ್ದೀರಿ. ತೂಕಕ್ಕಿಂತ ಗಂಟಿನ ದಪ್ಪವೇ ಕಾರಣ ಇರಬೇಕು. ನೀವು ಅಳತೆ ಬರೆದಿಲ್ಲ, ಹಾಗಾಗಿ ಇದು ಅಂದಾಜು. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಬ್ಯಾಗಿನ ಮಿತಿ 60×45×25 ಸೆಂಟಿಮೀಟರ್. ಉದ್ದ, ಅಗಲ ಹೇಗೋ ಹೊಂದುತ್ತೆ, ಮೂಟೆ ಕಟ್ಟಿದ ಬಟ್ಟೆ ಸಿಕ್ಕಿಬೀಳೋದು ಆ 25 ಸೆಂಟಿಮೀಟರ್ ದಪ್ಪದಲ್ಲೇ. ಇನ್ನೊಂದು, 2002ರ ಮೆಟ್ರೋ ಕಾಯ್ದೆ ಅವಕಾಶ ಕೊಡೋದು ಸ್ವಂತ ಬಳಕೆಯ ಸಣ್ಣ ಸಾಮಾನಿಗೆ ಮಾತ್ರ. ನೀವು ತರುತ್ತಿರೋದು ಮಾರಾಟದ ಸರಕು. ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಅಲ್ಲಿರುವವರು ನಿಯಮ ಬರೆದವರಲ್ಲ.

ಅಂಗಡಿಗೆ ಅಂತ ತರುವಾಗ ಮೆಟ್ರೋ ಬಿಡಿ, ಬಿಎಂಟಿಸಿ ಬಸ್ ನೋಡಿ. ಮೊದಲು ಒಂದು ದೊಡ್ಡ ಗಂಟಿನ ಬದಲು ಎರಡು ಚಿಕ್ಕದು ಕಟ್ಟಿಸಿ, ಒಬ್ಬರೇ ಎತ್ತುವ ಹಾಗಿರಲಿ. ಆಮೇಲೆ ಮೆಜೆಸ್ಟಿಕ್‌ಗೆ ಬಂದು, ಬಸ್ ಹೊರಡುವ ಜಾಗದಲ್ಲೇ ಹತ್ತಿ. ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿ ಕಡೆಗೆ 335-ಇ ಬಸ್ ಹೋಗುತ್ತೆ. ದಾರಿ ಮಧ್ಯೆ ಹತ್ತಿದರೆ ಗಂಟಿಡಲು ಜಾಗ ಸಿಗಲ್ಲ. ಬೆಳಿಗ್ಗೆ, ಸಂಜೆ ಆಫೀಸ್ ಹೊತ್ತು ಬೇಡ, ಮಧ್ಯಾಹ್ನ ಹೊರಡಿ. ಒಳಗಿಡುವ ಮುಂಚೆಯೇ ಕಂಡಕ್ಟರ್‌ನ ಕೇಳಿ, ಲಗೇಜ್ ಟಿಕೆಟ್ ತಗೊಳ್ಳಿ. ಕೇಳದೆ ಇಟ್ಟರೆ ಸುಮ್ನೆ ಜಗಳ. ಬಸ್ ತುಂಬಿದ್ದರೆ ಅವರು ಬೇಡ ಅನ್ನಲೂಬಹುದು, ಆಗ ಮುಂದಿನ ಬಸ್ ಕಾಯಿರಿ. ಖರೀದಿ ಬಿಲ್ ಕೈಗೆ ಸಿಗುವ ಹಾಗಿರಲಿ.

ಗಂಟು ಎರಡಕ್ಕಿಂತ ಜಾಸ್ತಿ ಆದ ದಿನ ಲಗೇಜ್ ಆಟೋನೇ ಸರಿ.