ಪೋಲೆಂಡಿನ ನಟ ತಾದೆವುಷ್ ವೊಮ್ನಿತ್ಸ್ಕಿ: ಯಾವ ಸಿನಿಮಾದಿಂದ ಶುರು ಮಾಡಲಿ?

ಸಿನಿಮಾದಿಂದ ಶುರು ಮಾಡಲೇಬೇಡಿ. ನಾನು ಹಾಗೆ ಮಾಡಿಯೇ ಕೆಟ್ಟೆ.

ಮೊದಲು ನೋಡಿದ್ದು 1969ರ ‘ಪಾನ್ ವೊವೊದಿಯೊವ್ಸ್ಕಿ’. ಗಿಡ್ಡ ಆಳು, ಮೀಸೆ, ಕೈಯಲ್ಲಿ ಕತ್ತಿ. ಕತ್ತಿವರಸೆಯ ಹೀರೋ ಅಂತ ತೀರ್ಮಾನಿಸಿ ಸಣ್ಣ ಪತ್ರಿಕೆಯೊಂದಕ್ಕೆ ಲೇಖನವನ್ನೂ ಬರೆದುಬಿಟ್ಟೆ. ಅದು ಅಚ್ಚಾದ ಮೇಲೆ ಪೋಲೆಂಡಿನ ನಿರ್ದೇಶಕ ಕೀಸ್ಲೋವ್ಸ್ಕಿಯ ‘ಬ್ಲೈಂಡ್ ಚಾನ್ಸ್’ ನೋಡಿದೆ. ಅದರಲ್ಲಿ ವೆರ್ನರ್ ಎಂಬ ಮುದಿ ಕಮ್ಯುನಿಸ್ಟ್ ಬರುತ್ತಾನೆ. ಎಷ್ಟು ಚೆನ್ನಾಗಿ ಮಾಡಿದ್ದಾನಪ್ಪ ಅಂದುಕೊಂಡೆ. ಯಾರೆಂದು ಹೊಳೆಯಲೇ ಇಲ್ಲ. ಕೊನೆಯಲ್ಲಿ ಹೆಸರು ಓದಿದರೆ ಅದೇ ವೊಮ್ನಿತ್ಸ್ಕಿ! ಮುಖಕ್ಕೆ ಹೊಡೆದಂತಾಯಿತು. ನಾನು ಆರಿಸಿದ ಸಿನಿಮಾ ಕೆಟ್ಟದ್ದೇನಲ್ಲ. ಮುಖ ಗುರುತಾದರೆ ನಟ ಸಿಕ್ಕ ಎಂದುಕೊಂಡೆನಲ್ಲ, ಅಲ್ಲಿ ಎಡವಿದ್ದು. ಸ್ಟಾರ್‌ಗಳನ್ನು ನೋಡಿ ಬೆಳೆದ ಕಣ್ಣು! ಆ ಸಂಪಾದಕರು ಮತ್ತೆ ನನ್ನಿಂದ ಏನನ್ನೂ ಬರೆಸಲಿಲ್ಲ.

ಈ ಮನುಷ್ಯ ಇದ್ದದ್ದು ರಂಗದ ಮೇಲೆ. 1962ರಲ್ಲಿ ವಾರ್ಸಾದಲ್ಲಿ ಎರ್ವಿನ್ ಆಕ್ಸೆರ್ ನಿರ್ದೇಶನದಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕವೊಂದರಲ್ಲಿ ಅರ್ತುರೋ ಊಯಿ ಎಂಬ ಪುಂಡನಾದರು. ಆ ನಾಟಕದಲ್ಲಿ ಒಬ್ಬ ಹಳೇ ನಟ ಪುಂಡನಿಗೆ ನಡೆಯುವುದು, ನಿಲ್ಲುವುದು, ಕೂರುವುದು, ಭಾಷಣ ಮಾಡುವುದು ಕಲಿಸುತ್ತಾನೆ. ಕಲಿಯುತ್ತ ಕಲಿಯುತ್ತ ಪುಂಡ ಹಿಟ್ಲರ್ ಆಗುತ್ತಾನೆ. 1976ರಲ್ಲಿ ವಾರ್ಸಾದ ವೋಲಾ ಬಡಾವಣೆಯಲ್ಲಿ ಹೊಸ ರಂಗಸಂಸ್ಥೆಯೊಂದನ್ನು ಸ್ಥಾಪಿಸಿದರು. 1981ರಲ್ಲಿ ಅಲ್ಲೇ ‘ಅಮೇಡಿಯಸ್’ ನಾಟಕದಲ್ಲಿ ಸಂಗೀತಗಾರ ಮೊಜಾರ್ಟ್‌ನ ಪ್ರತಿಸ್ಪರ್ಧಿ ಸಾಲಿಯೇರಿ ಆದರು, ನಾಟಕದ ನಿರ್ದೇಶಕ ರೋಮನ್ ಪೊಲಾನ್ಸ್ಕಿಯೇ ಮೊಜಾರ್ಟ್. ಹಿಂದೆ ಪೋಲೆಂಡಿನ ನಿರ್ದೇಶಕ ವಾಯ್ದಾನ ಮೊದಲ ಚಿತ್ರದಲ್ಲಿ ವೊಮ್ನಿತ್ಸ್ಕಿ ನಾಯಕರಾಗಿದ್ದಾಗ ಇದೇ ಪೊಲಾನ್ಸ್ಕಿ ಸಣ್ಣ ಪಾತ್ರದಲ್ಲಿದ್ದರು.

ಇನ್ನೊಂದು ವಿಷಯ. ಅವರು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯಲ್ಲೇ ಇದ್ದವರು. 1981ರ ಡಿಸೆಂಬರಿನಲ್ಲಿ ಸೇನಾಡಳಿತ ಹೇರಿದ ಮೇಲೆ ಪಕ್ಷದ ಕಾರ್ಡ್ ಹಿಂತಿರುಗಿಸಿದರು. ವೆರ್ನರ್ ಪಾತ್ರ ಚಿತ್ರೀಕರಣವಾದದ್ದೂ ಅದೇ ವರ್ಷ. ಚಿತ್ರ ತೆರೆಗೆ ಬರಲು 1987 ಆಯಿತು. ಇಷ್ಟು ತಿಳಿದು ವೆರ್ನರ್‌ನ ಮಾತು ಕೇಳಿದರೆ ಬೇರೆಯೇ ಕೇಳಿಸುತ್ತದೆ. 1992ರ ಫೆಬ್ರವರಿ 22ರಂದು ಪೋಜ್ನಾನ್‌ನಲ್ಲಿ ‘ಕಿಂಗ್ ಲಿಯರ್’ ತಾಲೀಮಿನ ನಡುವೆಯೇ ತೀರಿಕೊಂಡರು. ವಯಸ್ಸು 64.

ಹಾಗಾಗಿ ಮೊದಲು ಊಯಿ ನಾಟಕ ಓದಿ, ಆ ಪಾಠದ ದೃಶ್ಯವನ್ನು ನೀವೇ ಎದ್ದು ಮಾಡಿ ನೋಡಿ. ಆಮೇಲೆ ‘ಬ್ಲೈಂಡ್ ಚಾನ್ಸ್’, ಅವರೇ ನಟಿಸಿರುವ ವಾಯ್ದಾನ ‘ಮ್ಯಾನ್ ಆಫ್ ಮಾರ್ಬಲ್’. ಕತ್ತಿಯ ಚಿತ್ರ ಕೊನೆಗಿರಲಿ. ಮೀಸೆ ಮಾತ್ರ ಭರ್ಜರಿ, ಅದನ್ನು ಅಲ್ಲಗಳೆಯುವುದಿಲ್ಲ.