ಬಣ್ಣ ಬಳಿಯುವ ಮುನ್ನ: ಹಳೆಯ ಜಾವಾ ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬೀದಿಯ ಹಿರಿಯರೊಬ್ಬರು 1969ರಲ್ಲಿ ಕೊಂಡಿದ್ದ ಜಾವಾ 250 ಬೈಕು ಅವರ ಮನೆಯ ಶೆಡ್ಡಿನಲ್ಲಿ ಬಹಳ ವರ್ಷಗಳಿಂದ ನಿಂತಿದೆ. ಅದಕ್ಕೆ ಒಮ್ಮೆಯೂ ಬಣ್ಣ ಮಾಡಿಸಿಲ್ಲ ಎಂದು ಅವರ ಮಗ ಹೇಳುತ್ತಾರೆ. ಮರೂನ್ ಬಣ್ಣ ಮಾಸಿದೆ, ರಿಮ್ಮು ಮತ್ತು ಸೈಲೆನ್ಸರುಗಳ ಮೇಲೆ ಅಲ್ಲಲ್ಲಿ ತುಕ್ಕಿದೆ. ಆದರೂ ಪೂರ್ತಿ ರೀಸ್ಟೋರ್ ಮಾಡಿದ ಬೈಕಿನ ಬೆಲೆಯನ್ನೇ ಕೇಳುತ್ತಿದ್ದಾರೆ. ಇದು ನ್ಯಾಯವೇ? ಬೈಕು ನಿಜಕ್ಕೂ ಒರಿಜಿನಲ್ ಎಂದು ತಿಳಿಯುವುದು ಹೇಗೆ? ಕೊಂಡ ಮೇಲೆ ಬಣ್ಣ ಮಾಡಿಸಲೇಬೇಕು ಎಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ.
(ತ್ಯಾಗರಾಜನಗರದ ಓದುಗರು)

ಉತ್ತರ: ಮಗ ಹೇಳುತ್ತಿರುವುದು ನಿಜವಾಗಿದ್ದರೆ ಬೆಲೆ ಅನ್ಯಾಯದ್ದಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಆರಂಭವಾದ ಉತ್ಪಾದನೆ 1996ರಲ್ಲಿ ನಿಂತುಹೋಯಿತು. ಅಲ್ಲಿಂದ ಹೊರಬಂದ ಬೈಕುಗಳು ಕಚೇರಿಗೂ ತೋಟಕ್ಕೂ ಸಂತೆಗೂ ದುಡಿದವೇ ಹೊರತು ಯಾರೂ ಅವನ್ನು ಜೋಪಾನ ಮಾಡಿ ಇಟ್ಟವರಲ್ಲ. ಎಂಜಿನ್ ಬಿಚ್ಚಿದಾಗಲೆಲ್ಲ ಜೊತೆಗೇ ಒಂದು ಕೋಟು ಬಣ್ಣ ಹೊಡೆಸುವುದು ಅಂದಿನ ವಾಡಿಕೆಯಾಗಿದ್ದರಿಂದ, ಕಾರ್ಖಾನೆಯ ಬಣ್ಣವನ್ನೇ ಹೊತ್ತು ಉಳಿದಿರುವ ಬೈಕುಗಳು ಇಂದು ಬಲು ವಿರಳ. ಹಣವೂ ತಾಳ್ಮೆಯೂ ಇದ್ದವರು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಿ, ಬೇಕಾದಾಗ ಒಂದು ಹೊಳೆಯುವ ಜಾವಾವನ್ನು ಕಟ್ಟಿಕೊಳ್ಳಬಹುದು. ಬಣ್ಣ ಮಾಡಿಸದ ಬೈಕನ್ನು ಹಾಗೆ ಕಟ್ಟಿಕೊಳ್ಳಲು ಬರುವುದಿಲ್ಲ. ಆದರೆ ಆ ಬೆಲೆಯನ್ನು ಕೊಡಬೇಕಾದದ್ದು ಮಾತಿಗಲ್ಲ, ಪುರಾವೆಗೆ.

ಪುರಾವೆಯನ್ನು ಹುಡುಕಬೇಕಾದದ್ದು ಟ್ಯಾಂಕಿನ ಮೇಲಲ್ಲ; ಬಣ್ಣ ಹೊಡೆಯುವವನು ತನ್ನ ಕೆಲಸವನ್ನು ಯಾರೂ ನೋಡಲಾರರು ಎಂದುಕೊಳ್ಳುವ ಜಾಗಗಳಲ್ಲಿ. ಸೀಟು ಎತ್ತಿಸಿ ಅದರಡಿಯ ತಗಡನ್ನು ನೋಡಿ. ಟೂಲ್ ಬಾಕ್ಸಿನ ಒಳಗೋಡೆ, ಟ್ಯಾಂಕಿನ ತಳ, ನಂಬರ್ ಪ್ಲೇಟಿನ ಹಿಂಬದಿ, ಹ್ಯಾಂಡಲ್ ತಿರುಗುವ ಕುತ್ತಿಗೆಯ ಸಂದು ಇವೆಲ್ಲವನ್ನೂ ಟಾರ್ಚ್ ಹಿಡಿದು ಪರೀಕ್ಷಿಸಿ. ಮೇಲೆ ಮಾಸಿರುವ ಬಣ್ಣವೇ ಬಿಸಿಲು ತಾಗದ ಈ ಜಾಗಗಳಲ್ಲಿ ಗಾಢವಾಗಿ ಉಳಿದಿರಬೇಕು. ಬೇರೊಂದು ಛಾಯೆಯಾಗಲಿ ಎರಡು ಪದರಗಳ ಅಂಚಾಗಲಿ ಕಾಣಿಸಬಾರದು. ರಬ್ಬರ್ ಭಾಗಗಳ ಅಂಚಿನಲ್ಲಿ, ವೈರಿನ ಮೇಲೆ, ಬೋಲ್ಟಿನ ತಲೆಯ ಮೇಲೆ ಬಣ್ಣದ ತುಂತುರು ಬಿದ್ದಿದ್ದರೆ ಆ ಬೈಕು ಒಮ್ಮೆಯಾದರೂ ಪೇಂಟರನ ಕೈ ಸೇರಿದೆ ಎಂದೇ ಅರ್ಥ. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಮಡ್‌ಗಾರ್ಡ್ ಮತ್ತು ಟ್ಯಾಂಕಿನ ಮೇಲೆ ಆಡಿಸಿದರೆ ಪುಟ್ಟಿ ತುಂಬಿದ ಕಡೆ ಅದರ ಹಿಡಿತ ಸಡಿಲವಾಗುತ್ತದೆ. ಟ್ಯಾಂಕಿನ ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ: ಕೈಯಿಂದ ಎಳೆದ ಗೆರೆಯ ದಪ್ಪ ಒಂದೇ ಸಮನಾಗಿರುವುದಿಲ್ಲ, ಕುಂಚ ಎತ್ತಿದ ಕಡೆ ಬಣ್ಣ ತುಸು ಗುಡ್ಡೆಯಾಗಿರುತ್ತದೆ. ಸ್ಟಿಕ್ಕರಿನ ಗೆರೆಗೆ ಅಂಚು ಕತ್ತರಿಸಿದಂತಿರುತ್ತದೆ.

ಇನ್ನು ಸವೆತದ ಲೆಕ್ಕ. ಬೈಕು ಓಡಿಸಿದ ಮನುಷ್ಯನ ಮೈಯೇ ಅದನ್ನು ಸವೆಸಿರುತ್ತದೆ. ಮೊಣಕಾಲು ಒತ್ತುವ ಕಡೆ ಟ್ಯಾಂಕಿನ ರಬ್ಬರು ನುಣುಪಾಗಿರಬೇಕು. ಈ ಜಾವಾದಲ್ಲಿ ಗೇರಿನ ಲಿವರೇ ಕಿಕ್ಕರ್ ಕೂಡ ಆಗಿರುವುದರಿಂದ, ಅದರ ಅಕ್ಕಪಕ್ಕದ ಎಂಜಿನ್ ಕವರು ಬೂಟು ಉಜ್ಜಿ ಉಜ್ಜಿ ಹೊಳಪು ಕಳೆದುಕೊಂಡಿರಬೇಕು. ಮೀಟರು ಕಡಿಮೆ ಕಿಲೋಮೀಟರ್ ತೋರಿಸುತ್ತಿದ್ದು ಲಿವರಿನ ರಬ್ಬರು ಲೋಹ ಕಾಣುವಷ್ಟು ಸವೆದಿದ್ದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ. ಹಳೆಯ ಬಣ್ಣಕ್ಕೆ ಬೆಲೆ ಬಂದ ಮೇಲೆ ಹೊಸ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿ, ಉಪ್ಪುನೀರು ಚಿಮುಕಿಸಿ ಹಳತು ಮಾಡುವವರೂ ಹುಟ್ಟಿಕೊಂಡಿದ್ದಾರೆ. ಅಂಥ ಸವೆತ ಕಣ್ಣಿಗೆ ಬೀಳುವ ಕಡೆಯಲ್ಲೆಲ್ಲ ಇರುತ್ತದೆ, ಕೈಕಾಲು ತಾಗುವ ಕಡೆ ಮಾತ್ರ ಇರುವುದಿಲ್ಲ.

ವರ್ಷಕ್ಕೂ ಭಾಗಗಳಿಗೂ ಹೊಂದಿಕೆಯಿದೆಯೇ ಎಂಬುದನ್ನೂ ಗಮನಿಸಿ. ಕಂಪನಿ ಜಾವಾ ಹೆಸರನ್ನು ಬಿಟ್ಟು ಯೆಜ್ಡಿ ಹೆಸರಿನಲ್ಲಿ ಬೈಕು ಮಾರತೊಡಗಿದ್ದು 1973ರ ಆಸುಪಾಸಿನಲ್ಲಿ. ನಿಮ್ಮ 1969ರ ಬೈಕಿನ ಎಂಜಿನ್ ಕವರಿನ ಮೇಲೆ ಯೆಜ್ಡಿ ಎಂಬ ಅಚ್ಚಿದ್ದರೆ ಆ ಭಾಗ ಆಮೇಲೆ ಬಂದದ್ದು. ಅದೊಂದೇ ಕಾರಣಕ್ಕೆ ಬೈಕನ್ನು ತಳ್ಳಿಹಾಕಬೇಕಿಲ್ಲ. ಬೆಲೆಯಲ್ಲಿ ಇಳಿಸಿ ಕೇಳಿದರೆ ಸಾಕು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನಗರದ ಜಾವಾ, ಯೆಜ್ಡಿ ಮಾಲೀಕರು ಒಂದೆಡೆ ಸೇರುತ್ತಾರೆ. ದುಡ್ಡು ಕೊಡುವ ಮೊದಲು ಅಲ್ಲಿಗೆ ಹೋಗಿ, ಫಳಫಳ ಹೊಳೆಯುವ ಬೈಕುಗಳನ್ನು ದಾಟಿ ಮೂಲೆಯಲ್ಲಿ ನಿಂತಿರುವ ಮಾಸಿದ ಒಂದೆರಡರ ಮುಂದೆ ಹೊತ್ತು ಕಳೆಯಿರಿ.

ಗೆಳೆಯರ ಒತ್ತಾಯದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಹೊರಮೈಗೆ ಕೈ ಹಚ್ಚಬೇಡಿ, ಒಳಗಿನ ಯಂತ್ರಕ್ಕೆ ಖರ್ಚು ಮಾಡಲು ಹಿಂಜರಿಯಬೇಡಿ. ಬೇರಿಂಗು, ಆಯಿಲ್ ಸೀಲು, ಬ್ರೇಕ್ ಲೈನರು, ಕೇಬಲ್ಲು, ಟೈರು ಇವುಗಳನ್ನು ಬದಲಿಸಿದರೆ ಒರಿಜಿನಲ್ ಎಂಬ ಮಾತಿಗೆ ಚ್ಯುತಿಯಿಲ್ಲ, ಏಕೆಂದರೆ ಅವು ಸವೆಯಲೆಂದೇ ಇರುವ ಭಾಗಗಳು. ಬಣ್ಣದ ಮಟ್ಟಿಗೆ ನೀರು, ಮೃದುವಾದ ಸೋಪು, ಹತ್ತಿಬಟ್ಟೆ ಇಷ್ಟೇ ಸಾಕು. ವಾಟರ್ ಸರ್ವಿಸ್‌ನವರ ಪಂಪು ಹತ್ತಿರ ಸುಳಿಯಬಾರದು. ಆಮೇಲೆ ಸೀಟಿನಡಿಯಂಥ ಮರೆಯ ಜಾಗದಲ್ಲಿ ಪರೀಕ್ಷಿಸಿ ನೋಡಿ, ತೀರ ನಯವಾದ ಪಾಲಿಶ್ ಬಳಸಬಹುದು. ಬಟ್ಟೆಗೆ ಮರೂನ್ ಹತ್ತುತ್ತದೆ. ಅದು ಕೊಳೆಯಲ್ಲ, ಬಣ್ಣವೇ. ಎಷ್ಟು ಹತ್ತಿತೋ ಅಷ್ಟು ಟ್ಯಾಂಕಿನಿಂದ ಹೋಯಿತು ಎಂಬ ಎಚ್ಚರವಿರಲಿ. ಪ್ರೈಮರ್ ಇಣುಕುವ ಕಡೆಯೂ ಗೆರೆಗಳ ಮೇಲೂ ಉಜ್ಜಲೇಬಾರದು, ಮೇಣ ಸವರಿ ಬಿಟ್ಟುಬಿಡಬೇಕು. ಕ್ರೋಮ್ ಮೇಲಿನ ತುಕ್ಕಿಗೆ ತಂತಿ ಬ್ರಷ್ಷು ಬೇಡ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದರೆ ಕಂದು ಬಿಟ್ಟುಕೊಂಡು ಕ್ರೋಮ್ ಉಳಿಯುತ್ತದೆ.

ಪ್ರಶ್ನೆ: ನನಗೆ ಸಿಕ್ಕಿರುವ ಹಳೆಯ ಜಾವಾದ ಆರ್‌ಸಿ ತೀರಿಹೋದ ಮಾಲೀಕರ ಹೆಸರಿನಲ್ಲೇ ಇದೆ, ಅವಧಿಯೂ ಮುಗಿದಿದೆ. ನೇರವಾಗಿ ವಿಂಟೇಜ್ ನೋಂದಣಿ ಮಾಡಿಸಿಬಿಡಿ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಒಪ್ಪಬಹುದೇ?
(ಮಲ್ಲೇಶ್ವರದ ಓದುಗರು)

ಉತ್ತರ: ಬೈಕನ್ನು ರಸ್ತೆಯಲ್ಲಿ ಓಡಿಸುವ ಆಸೆಯಿದ್ದರೆ ಒಪ್ಪಬೇಡಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದೆ ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಈ ನೋಂದಣಿ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ನಿಗದಿಯಾಗಿದ್ದು, ಅದರ ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಬೆಳಗ್ಗೆ ತಿಂಡಿಗೆಂದು ಬಿಡದಿಗೆ ಹೋಗಿಬರುವುದು ಆ ಪಟ್ಟಿಯಲ್ಲಿಲ್ಲ.

ಸಾಮಾನ್ಯ ದಾರಿ ಉದ್ದವಾದರೂ ಸರಿಯಾದದ್ದು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರು ಫಾರಂ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆ ಬಳಿಕವೇ 29 ಮತ್ತು 30ನೇ ಫಾರಂಗಳಲ್ಲಿ ನಿಮ್ಮ ಹೆಸರಿಗೆ ವರ್ಗಾವಣೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು ಮುಂದೆ ಐದೈದು ವರ್ಷಕ್ಕೊಮ್ಮೆ ಫಾರಂ 25ರ ಮೇಲೆ, ವಾಹನ ತಪಾಸಣೆಯ ನಂತರ ನವೀಕರಣವಾಗುತ್ತದೆ. ಬಾಕಿ ಹಸಿರು ತೆರಿಗೆ, ತಡವಾದದ್ದಕ್ಕೆ ದಂಡ ಇವೆಲ್ಲ ಅಲ್ಲಿಯೇ ಲೆಕ್ಕಕ್ಕೆ ಬರುತ್ತವೆ. ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೆಯ ನಂಬರುಗಳ ದಾಖಲೆ ಎಷ್ಟೋ ವೇಳೆ ಕಂಪ್ಯೂಟರಿಗೆ ಏರಿರುವುದಿಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ವಾಹನ್ ಎಂಬ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ನಂಬರು ಹುಡುಕಿ. ಸಿಗದಿದ್ದರೆ ನೋಂದಣಿಯಾದ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ಎಂಬ ನೋಂದಣಿ ದಾಖಲೆಯ ನಕಲನ್ನು ತರಿಸುವಂತೆ ಮಾರುವವರಿಗೇ ಹೇಳಿ.

ಆ ಬಿ-ಎಕ್ಸ್‌ಟ್ರ್ಯಾಕ್ಟಿನಲ್ಲಿರುವ ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ಬೈಕಿನ ಮೇಲಿನ ನಂಬರುಗಳೊಂದಿಗೆ ಒಂದೊಂದು ಅಂಕಿಯನ್ನೂ ಬಿಡದೆ ಹೋಲಿಸಿ. ಗುಜರಿಗೆ ಹೋದ ಬೈಕುಗಳ ಬರೀ ಆರ್‌ಸಿಯನ್ನು ಮಾರುವ ದಂಧೆ ಇದೆ. ಆ ಕಾಗದಕ್ಕೆ ತಕ್ಕಂತೆ ಬೇರೊಂದು ಫ್ರೇಮಿನ ಮೇಲೆ ಅಂಕಿ ಒತ್ತುತ್ತಾರೆ. ನಂಬರಿನ ಸುತ್ತ ಗ್ರೈಂಡರ್ ಆಡಿಸಿದ ಗೀರು, ಅಲ್ಲಿ ಮಾತ್ರ ತಗ್ಗಾದ ಲೋಹ, ಸಾಲು ತಪ್ಪಿದ ಅಂಕಿ ಕಂಡರೆ ಬೈಕು ಎಷ್ಟೇ ಚೆನ್ನಾಗಿದ್ದರೂ ಎದ್ದು ಬನ್ನಿ. ಕಾರ್ಖಾನೆಯ ಬಣ್ಣ ಉಳಿದಿರುವುದರ ಇನ್ನೊಂದು ಲಾಭವೂ ಇಲ್ಲೇ ಇದೆ: ನಂಬರಿನ ಗುಳಿಗಳೊಳಗೆ ಹಳೆಯ ಬಣ್ಣ ಕೂತಿದ್ದರೆ ಆ ಅಂಕಿಗಳನ್ನು ಈಚೆಗೆ ಒತ್ತಿದ್ದಲ್ಲ ಎಂದು ನೆಮ್ಮದಿಯಾಗಿರಬಹುದು.

ವಿಮೆ, ಹೊಗೆ ತಪಾಸಣೆ ಎರಡೂ ಕಡ್ಡಾಯ. ಟೂ-ಸ್ಟ್ರೋಕ್ ಪಾಸಾಗುವುದಿಲ್ಲ ಎಂಬ ಭಯ ಬೇಡ; 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5, ಹೈಡ್ರೋಕಾರ್ಬನ್ ಮಿತಿ 9,000 ಪಿಪಿಎಂ. ಸರಿಯಾಗಿ ಟ್ಯೂನ್ ಆದ ಜಾವಾ ಅದರೊಳಗೆ ಬರಬಲ್ಲದು. ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಹಾಕಿಸಿದಾಗ ಕೈಬರಹದ ಹಳೆಯ ಪ್ಲೇಟನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ.

ಪ್ರಶ್ನೆ: ವರ್ಷಗಟ್ಟಲೆ ನಿಂತಿದ್ದ ಜಾವಾವನ್ನು ಮನೆಗೆ ತಂದಿದ್ದೇನೆ. ಕಿಕ್ ಹೊಡೆದು ನೋಡಬಹುದೇ? ಈಗಿನ ಎಥನಾಲ್ ಬೆರೆತ ಪೆಟ್ರೋಲಿನಿಂದ ತೊಂದರೆಯಿದೆಯೇ?
(ಯಲಹಂಕದ ಓದುಗರು)

ಉತ್ತರ: ಇವತ್ತೇ ಬೇಡ. ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಒಂದೆರಡು ಚಮಚ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಬೈಕಿನ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಪ್ಲಗ್ ಹಾಕದೆಯೇ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ಪಿಸ್ಟನ್ ಸಲೀಸಾಗಿ ಓಡಾಡುತ್ತಿದೆಯೇ ನೋಡಿ. ಬಿಗಿಯಾಗಿದ್ದರೆ ಬಲ ಪ್ರಯೋಗಿಸದೆ ಹೆಡ್ಡು ಬಿಚ್ಚಿಸಿ. ಟ್ಯಾಂಕಿನ ಒಳತುಕ್ಕಿಗೆ ನಟ್ಟು ಬೋಲ್ಟು ಹಾಕಿ ಕುಲುಕಿಸುವ, ಆಸಿಡ್ ಸುರಿಯುವ ಗ್ಯಾರೇಜ್ ವೈದ್ಯ ಬೇಡ. ಆಸಿಡ್ ಒಂದು ಹನಿ ಹೊರಗೆ ಚೆಲ್ಲಿದರೂ ಬಣ್ಣ ಏಳುತ್ತದೆ. ವಾಷಿಂಗ್ ಸೋಡಾ ಬೆರೆಸಿದ ನೀರು ತುಂಬಿಸಿ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹಾಯಿಸುವ ಕ್ರಮ ನಿಧಾನವಾದರೂ ಲೋಹವನ್ನು ತಿನ್ನುವುದಿಲ್ಲ. ಕೆಲಸ ನಡೆಯುವಾಗ ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಬೇಕು.

ಎಂಜಿನ್ ಶುರುವಾದ ಮೇಲೆ ಎರಡು ಲಕ್ಷಣಗಳಿಗೆ ಕಾದಿರಿ. ಎಷ್ಟು ಹೊತ್ತಾದರೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲು ಒಣಗಿ ಆ ಆಯಿಲನ್ನು ಒಳಗೆಳೆಯುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಏರಿಕೊಂಡೇ ಹೋದರೆ ಡೈನಮೋ ಬದಿಯ ಸೀಲು ಗಾಳಿ ಎಳೆಯುತ್ತಿದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಸೀಜ್ ಆಗುವುದು ಹೀಗೆಯೇ. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಎರಡೂ ಸೀಲುಗಳನ್ನು ಕೇಳದೆಯೇ ಬದಲಿಸುವುದು ಜಾಣತನ. ಟೈರಿನ ಬದಿಯಲ್ಲಿ ತಯಾರಿಯ ವಾರ ಮತ್ತು ವರ್ಷದ ನಾಲ್ಕಂಕಿ ಇರುತ್ತದೆ. ಮೂರೇ ಅಂಕಿಯಿದ್ದರೆ ಅದು 2000ಕ್ಕಿಂತ ಹಿಂದಿನದು. ಮೇಲೆ ಟ್ರೆಡ್ ಎಷ್ಟೇ ಉಳಿದಿದ್ದರೂ ಅದರ ಮೇಲೆ ಕೂರಬೇಡಿ.

ಶೇ 20ರಷ್ಟು ಎಥನಾಲ್ ಇರುವ ಪೆಟ್ರೋಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪನ್ನೂ ಕಾಕಿನ ವಾಷರನ್ನೂ ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ, ಲೀಟರಿಗೆ 40ರಿಂದ 50 ಮಿಲಿಲೀಟರ್ ಟೂ-ಟಿ ಆಯಿಲ್ ಬೆರೆಸಿ, ವಾರಗಟ್ಟಲೆ ಓಡಿಸದಿರುವುದಾದರೆ ಟ್ಯಾಂಕು ಮತ್ತು ಕಾರ್ಬೊರೇಟರ್ ಎರಡನ್ನೂ ಬರಿದು ಮಾಡಿ. ಹೊದಿಸುವುದಕ್ಕೆ ಹತ್ತಿಯ ಚಾದರವಿರಲಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಡಿ ಬೆವರಿದ ತೇವವೇ ಕ್ರೋಮನ್ನು ತಿನ್ನುತ್ತದೆ.

ಪ್ರಶ್ನೆ: ನನ್ನ ಯೆಜ್ಡಿ ರೋಡ್‌ಕಿಂಗ್ ಪೂರ್ತಿ ಒರಿಜಿನಲ್. ಸೈಲೆನ್ಸರುಗಳ ಕ್ರೋಮ್ ಮಾತ್ರ ಎದ್ದಿದೆ. ಅವೆರಡನ್ನೇ ರೀಕ್ರೋಮ್ ಮಾಡಿಸಲೇ?
(ವಿಜಯನಗರದ ಓದುಗರು)

ಉತ್ತರ: ಬೇಡ. ಪ್ಲೇಟಿಂಗ್‌ಗೆ ಮೊದಲು ತುಕ್ಕು ಹೋಗಲೆಂದು ಬಫ್ ಹೊಡೆಯುವಾಗ ತಗಡು ತೆಳುವಾಗುತ್ತದೆ, ಅಚ್ಚಿನ ಗುರುತುಗಳು ಅಳಿಸುತ್ತವೆ. ಅಲ್ಲದೆ ಎರಡು ಹೊಸ ಸೈಲೆನ್ಸರುಗಳ ಹೊಳಪಿನ ಪಕ್ಕದಲ್ಲಿ ಉಳಿದ ಬೈಕು ಕಳಾಹೀನವಾಗಿ ಕಂಡು, ಮುಂದಿನ ತಿಂಗಳು ರಿಮ್ಮು, ಅದರ ಮುಂದಿನ ತಿಂಗಳು ಟ್ಯಾಂಕು ಎಂದು ಕೆಲಸ ಬೆಳೆಯುತ್ತದೆ. ತೂತು ಬಿದ್ದಿಲ್ಲವಾದರೆ ಎಣ್ಣೆಬಟ್ಟೆಯಲ್ಲಿ ಒರೆಸುತ್ತಾ ಅವನ್ನೇ ಓಡಿಸಿ. ತೂತು ಬಿದ್ದಿದ್ದರೆ ಓಡಾಟಕ್ಕೆ ಹೊಸದಾಗಿ ತಯಾರಾದ ಒಂದು ಜೊತೆ ಹಾಕಿಕೊಂಡು, ಹಳೆಯವಕ್ಕೆ ಒಳಗೂ ಹೊರಗೂ ಎಣ್ಣೆ ಸವರಿ, ಬೈಕಿನ ನಂಬರು ಬರೆದ ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಮುಂದೆ ಬೈಕು ಮಾರುವುದಾದರೆ ಅವನ್ನೂ ಕೊಳ್ಳುವವರ ಕೈಗೇ ಕೊಡಿ.